ದರಕು

ಸೊಂಟ ಹಿಡಿದುಕೊಂಡಿದೆ. ಬೆನ್ನಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ. ಭಾರ ಎತ್ತಿದ್ದಲ್ಲ, ಜಾರಿ ಬಿದ್ದದ್ದೂ ಅಲ್ಲ. ಎಲೆ ಗುಡಿಸಿದ್ದು. ಅದೂ ಅವೇ ಎಲೆಗಳನ್ನು ಒಂದೇ ವಾರದಲ್ಲಿ ಎರಡು ಸಲ.

ನ್ಯೂಜೆರ್ಸಿಯಲ್ಲಿ ಮನೆ ಕೊಂಡಾಗ "ಎರಡು ಓಕ್ ಮರ ಇವೆ" ಅಂತ ಹೆಮ್ಮೆಯಿಂದ ಊರಿಗೆ ಫೋಟೋ ಕಳಿಸಿದ್ದೆ. ಎಲೆಯೂ ನನ್ನದೇ ಅಂತ ಗೊತ್ತಾಗಿದ್ದು ಮೊದಲ ನವೆಂಬರಿನಲ್ಲಿ. ಪಕ್ಕದ ಮನೆಯ ಮೇಪಲ್ ಮರ ಮರ್ಯಾದಸ್ಥ. ಅಕ್ಟೋಬರಿನಲ್ಲಿ ಕೆಂಪಾಗಿ, ದಾರಿಹೋಕರ ಜೊತೆ ಫೋಟೋ ಹೊಡೆಸಿಕೊಂಡು, ಎರಡು ವಾರದಲ್ಲಿ ಎಲ್ಲ ಉದುರಿಸಿ ಕೈ ತೊಳೆದುಕೊಳ್ಳುತ್ತದೆ. ಉದುರಿಸುವುದು ನಮ್ಮ ಕಡೆಗೇ, ಅದು ಬೇರೆ ಮಾತು. ಓಕ್ ಹಾಗಲ್ಲ, ಹಳೇ ಸಾಲಗಾರನ ಜಾತಿ. ಈ ವಾರ ಸ್ವಲ್ಪ, ಮುಂದಿನ ವಾರ ಸ್ವಲ್ಪ. ಡಿಸೆಂಬರ್ ಬಂದರೂ ಬಾಕಿ ತೀರುವುದಿಲ್ಲ.

ಶಾಲೆಯಲ್ಲಿ ಆಟಮ್ ಅಂದರೆ ಶರದೃತು ಅಂತ ಬಾಯಿಪಾಠ ಮಾಡಿಸಿದ್ದರು. ನಮ್ಮ ಶಿರಸಿ ಕಡೆ ಶರತ್ ಅಂದರೆ ನವರಾತ್ರಿ, ತಿಳಿ ಬೆಳದಿಂಗಳು. ಎಲೆ ಉದುರುವುದು ಶಿಶಿರದಲ್ಲಿ, ಶಿವರಾತ್ರಿಯ ಆಚೀಚೆ. ಇಲ್ಲಿ ಕನ್ನಡ ರಾಜ್ಯೋತ್ಸವಕ್ಕೆ ಸರಿಯಾಗಿ ಉದುರುತ್ತದೆ.

ಸುಮ್ನೆ ಬಿಟ್ಟರೆ ಏನಾಗುತ್ತೆ? ನಾನೂ ಎರಡು ವರ್ಷದ ಹಿಂದೆ ಬಿಟ್ಟು ನೋಡಿದ್ದೇನೆ. ಇಲ್ಲಿನ ಹುಲ್ಲು ಚಳಿಗೆ ಒಗ್ಗಿದ್ದು. ನವೆಂಬರಿನಲ್ಲೂ ಹಸಿರಾಗಿದ್ದು, ಬಿಸಿಲು ಕುಡಿದು ಬೇರಿಗೆ ಊಟ ಕೂಡಿಸಿಕೊಳ್ಳುತ್ತಿರುತ್ತದೆ. ಅದರ ಮೇಲೆ ಎಲೆ ಬಿದ್ದು, ಮಳೆಗೆ ನೆನೆದು, ಒಂದಕ್ಕೊಂದು ಅಂಟಿ, ಮೇಲಿಂದ ಹಿಮವೂ ಕೂತರೆ ಮುಗಿಯಿತು. ಮಾರ್ಚಿನಲ್ಲಿ ಹಿಮ ಕರಗಿದಾಗ ನಮ್ಮ ಲಾನ್ ಇಲಿ ಕಡಿದ ಜಮಖಾನೆಯ ಹಾಗಿತ್ತು.

"ಎಲೆ ಮೇಲೇ ಮೋವರ್ ಓಡಿಸಿ, ಪುಡಿಪುಡಿಯಾಗಿ ಅಲ್ಲೇ ಗೊಬ್ಬರ ಆಗುತ್ತೆ, ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯವರೇ ಹೇಳ್ತಾರೆ" ಅಂತ ಹೆಂಡತಿ ಪ್ರತಿ ವರ್ಷ ಹೇಳುತ್ತಾಳೆ. ಅವಳ ಮಾತು ಸರಿ. ಆದರೆ ಮಿಷಿಗನ್‌ನವರ ಪಕ್ಕದ ಮನೆಯಲ್ಲಿ ನಮ್ಮ ಮೇಪಲಜ್ಜ ಇಲ್ಲವಲ್ಲ. ಮರದ ಯಜಮಾನನಿಗೆ ನಾವಿಟ್ಟ ಹೆಸರು ಅದು. ಶನಿವಾರ ಬೆಳಿಗ್ಗೆ ಎಂಟಕ್ಕೆ ಬ್ಲೋವರ್ ಬೆನ್ನಿಗೇರಿಸಿಕೊಂಡು ಬರುತ್ತಾನೆ. ಒಂದೇ ಒಂದು ಎಲೆಯನ್ನು ಆ ಮೂಲೆಯಿಂದ ಈ ಮೂಲೆಗೆ ಅಟ್ಟಿಸಿಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವನ ಲಾನ್ ಪಕ್ಕ ನಮ್ಮದು ಮೋರೆ ತೊಳೆಯದ ಮಗುವಿನ ಹಾಗೆ ಕಾಣುತ್ತದೆ. ಮರ್ಯಾದೆ ಪ್ರಶ್ನೆ.

ಹಾಗಾಗಿ ಗುಡಿಸುವುದೇ ಸೈ. ಅದಕ್ಕೂ ಕಾನೂನಿದೆ. ಟೌನ್‌ಶಿಪ್ ಲಾರಿ ಬರುವ ಮುಂಚಿನ 7 ದಿನದೊಳಗೆ ಮಾತ್ರ ಎಲೆಯನ್ನು ರಸ್ತೆ ಬದಿಗೆ ಒಟ್ಟಬೇಕು, ಚರಂಡಿ ಬಾಯಿಯಿಂದ 10 ಅಡಿ ದೂರ ಇರಬೇಕು. ಸೊಂಡಿಲಿನಂಥ ಕೊಳವೆ ಇರುವ ಲಾರಿ ಬಂದು ಹೀರಿಕೊಂಡು ಹೋಗುತ್ತದೆ. ನಮ್ಮ ಪಾಳಿ ಸೋಮವಾರ ಇತ್ತು. ಶನಿವಾರ ಇಡೀ ದಿನ ನಾನು, ಹೆಂಡತಿ, ಗೊಣಗುವ ಮಗ ಸೇರಿ ಗುಡಿಸಿ, ತಾಡಪಾಲಿನಲ್ಲಿ ಎಳೆದು, ಸೊಂಟದೆತ್ತರ ಒಟ್ಟಿದೆವು.

ಸೆಪ್ಟೆಂಬರಿನಲ್ಲಿ ಬಂದ ಅಪ್ಪಯ್ಯ ಇದನ್ನೆಲ್ಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಮೊದಲು ಸಂತೋಷವಾಗೇ ಇದ್ದರು, ಮಗ ಕೊನೆಗೂ ದರಕು ಗುಡಿಸಲು ಕಲಿತನಲ್ಲ ಅಂತ. ದರಕು ಅಂದರೆ ನಮ್ಮ ಕಡೆ ಉದುರಿದ ಒಣ ಎಲೆ. ಆಮೇಲೆ ಮುಖ ಬದಲಾಯಿತು.

"ತಮಾ, ಇಷ್ಟು ಚಲೋ ದರಕನ್ನ ರಸ್ತೆಗೆ ಯಾಕೆ ಹಾಕ್ತಾ ಇದ್ದೆ?"

"ಲಾರಿ ಬಂದು ಒಯ್ಯುತ್ತೆ ಅಪ್ಪಯ್ಯ."

"ಒಯ್ದವರು ಎಷ್ಟು ಕೊಡ್ತಾರೆ?"

"ಕೊಡಲ್ಲ. ನಾವೇ ಟ್ಯಾಕ್ಸ್ ಕಟ್ಟಬೇಕು."

ಅಪ್ಪಯ್ಯ ಎದ್ದು ಒಳಗೆ ಹೋದರು. ಮಾತಾಡಲಿಲ್ಲ.

ಅವರ ಸಂಕಟ ನನಗೆ ಅರ್ಥವಾಗಬೇಕಿತ್ತು. ನಮ್ಮಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಕಾಡನ್ನು ಸೊಪ್ಪಿನಬೆಟ್ಟ ಅಂತ ಬಿಟ್ಟುಕೊಟ್ಟ ಕಾಲವಿತ್ತು, ಬರೀ ಸೊಪ್ಪು, ದರಕಿಗೋಸ್ಕರ. ಅದು ಕೊಟ್ಟಿಗೆಗೆ ಹೋಗಿ, ದನದ ಕಾಲಡಿ ತುಳಿಸಿಕೊಂಡು, ಗೊಬ್ಬರಗುಂಡಿ ಸೇರಿ, ಕೊನೆಗೆ ಅಡಿಕೆ ಮರದ ಬುಡಕ್ಕೆ ಬರಬೇಕು. ನಮ್ಮ ಬೆಟ್ಟದ ದರಕನ್ನು ಪಕ್ಕದವರು ಗುಡಿಸಿಕೊಂಡರು ಅಂತ ಅಪ್ಪಯ್ಯ ಅವರ ಮನೆಯ ಎರಡು ಮದುವೆಗೆ ಹೋಗಿರಲಿಲ್ಲ.

ಭಾನುವಾರ ಕನ್ನಡ ಕೂಟದ ರಾಜ್ಯೋತ್ಸವ. ಮಂಡಿನೋವು ಅಂತ ಅಪ್ಪಯ್ಯ ಮನೆಯಲ್ಲೇ ಉಳಿದರು. ನಾವು ಬಿಸಿಬೇಳೆ ಬಾತ್ ಮುಗಿಸಿ ವಾಪಸ್ ಬಂದಾಗ ಸಂಜೆ ಆರು. ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಇಲ್ಲಿ ಐದಕ್ಕೆಲ್ಲ ಕತ್ತಲೆ. ಕಾರಿನ ಬೆಳಕು ರಸ್ತೆ ಬದಿಗೆ ಬಿತ್ತು. ನಮ್ಮ ರಾಶಿ ಇಲ್ಲ! ಲಾರಿಯವರು ಭಾನುವಾರವೂ ದುಡಿಯುತ್ತಾರಲ್ಲ ಅಂತ ಹೊಗಳಿದೆ. ಮೇಪಲಜ್ಜನ ರಾಶಿಯೂ ಇಲ್ಲ. ಎದುರುಮನೆಯದ್ದೂ ಇಲ್ಲ. ಅದರಾಚೆ ಮನೆಯದ್ದು ಮಾತ್ರ ಇದ್ದಹಾಗೇ ಇತ್ತು. ಆಗ ಎದೆ ಧಸಕ್ ಅಂತು.

ಹಿತ್ತಲಿಂದ ಬ್ಲೋವರ್ ಸದ್ದು ಬರುತ್ತಿತ್ತು.

ಹೋಗಿ ನೋಡಿದರೆ ಅಪ್ಪಯ್ಯ. ಪಂಚೆ ಎತ್ತಿ ಕಟ್ಟಿದ್ದಾರೆ. ಮೇಲೆ ನನ್ನ ಹಳೇ ಜಾಕೆಟ್, ತಲೆಗೆ ಮಂಕಿಕ್ಯಾಪ್. ಬೆನ್ನ ಮೇಲೆ ಮೇಪಲಜ್ಜನ ಬ್ಲೋವರ್. ಮಂಡಿನೋವಿನ ಸುಳಿವೇ ಇಲ್ಲ. ಮೇಪಲಜ್ಜ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದಾನೆ. ಆತ ಆ ಯಂತ್ರವನ್ನು ಸ್ವಂತ ಮಗನಿಗೂ ಮುಟ್ಟಲು ಕೊಟ್ಟವನಲ್ಲ. ಇವರಿಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು. ಇಬ್ಬರೂ ಸೇರಿ ಮೂರು ಮನೆಯ ಎಲೆಯನ್ನು ನಮ್ಮ ಗ್ಯಾರೇಜಿನ ಹಿಂದೆ ಬೆಟ್ಟ ಮಾಡಿದ್ದಾರೆ. ಹೊತ್ತು ತಂದದ್ದು ಯಾವುದರಲ್ಲಿ ಅಂದರೆ, ದೀಪಾವಳಿಗೆ ತಂದ ಹೊಸ ಬೆಡ್‌ಶೀಟಿನಲ್ಲಿ. ಹೆಂಡತಿ ಅದನ್ನು ನೋಡಿದಳು. ನಾನು ಹೆಂಡತಿಯನ್ನು ನೋಡಲಿಲ್ಲ.

"ಬೋರ್ಡೋ ಹೊಡೆಯೋ ಮೋಟರ್ ಪಂಪಿನ ಹಾಗೇ ಇದ್ದು. ಔಷಧ ಒಂದು ಬರ್ತಿಲ್ಲೆ" ಅಂದರು ಅಪ್ಪಯ್ಯ, ಗಾಳಿಯನ್ನು ನನ್ನ ಮುಖಕ್ಕೇ ಬಿಡುತ್ತಾ.

"ಇದನ್ನೆಲ್ಲ ಏನು ಮಾಡೋದು ಅಪ್ಪಯ್ಯ? ದನ ಎಲ್ಲಿದೆ?"

"ಅದೇ ಯೋಚನೆ ಮಾಡ್ತಾ ಇದ್ದೆ."

ಸೋಮವಾರ ಲಾರಿ ಬಂತು. ಅಪ್ಪಯ್ಯ ದೊಣ್ಣೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅದು ನಿಧಾನ ಮಾಡಿ, ಖಾಲಿ ರಸ್ತೆ ನೋಡಿ, ಮುಂದೆ ಹೋಯಿತು. ಅದೇ ದಿನ ಮಧ್ಯಾಹ್ನ ಮೇಪಲಜ್ಜ ಅಪ್ಪಯ್ಯನನ್ನು ಗಿಡದಂಗಡಿಗೆ ಕರೆದುಕೊಂಡು ಹೋಗಿ ಸಗಣಿ ಗೊಬ್ಬರದ ಚೀಲ ಕೊಡಿಸಿದ. ಬರೀ ಒಣ ಎಲೆ ಬೇಗ ಕೊಳೆಯುವುದಿಲ್ಲ, ಜೊತೆಗೆ ಸಗಣಿಯಂಥದ್ದು ಏನಾದರೂ ಬೇಕು. ಆದರೆ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಿದ ಮೇಲೆ ಅಪ್ಪಯ್ಯ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಮಂಗಳವಾರ ರಾತ್ರಿ ಗಾಳಿ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಬೆಟ್ಟ ಅರ್ಧಕ್ಕರ್ಧ ಲಾನಿನ ಮೇಲೆ ವಾಪಸ್. ನಮ್ಮದಷ್ಟೇ ಅಲ್ಲ, ಎದುರುಮನೆಯದ್ದೂ. ಆಫೀಸಿಗೆ ರಜೆ ಹಾಕಿ ಗುಡಿಸಿದೆ. ಸೊಂಟ ಹೋದದ್ದು ಅವತ್ತೇ.

ಬೇಲಿ ಕಟ್ಟೋಣ, ಅಡಿಕೆ ಮರ ಸೀಳಿದ ದಬ್ಬೆ ತಾ ಅಂದರು ಅಪ್ಪಯ್ಯ. ಇಲ್ಲಿ ದಬ್ಬೆ ಎಲ್ಲಿಂದ ತರಲಿ? ಕೋಳಿಗೂಡಿನ ಜಾಲರಿ ತಂದೆ. ಇಬ್ಬರೂ ಸುತ್ತ ಬಿಗಿಯುತ್ತಿದ್ದಾಗ, ತಂತಿ ತಿರುಚುತ್ತಲೇ ಹೇಳಿದರು, "ಊರಲ್ಲಿ ಈಗ ದರಕು ಗುಡಿಸೋಕೆ ಆಳು ಸಿಕ್ತ್ವಿಲ್ಲೆ. ಐದು ವರ್ಷ ಆತು. ಬೆಟ್ಟದಲ್ಲೇ ಬಿದ್ದಿರ್ತು." ಆಮೇಲೆ ಇಕ್ಕಳ ಕೇಳಿದರು. ಕೊಟ್ಟೆ. ಇನ್ನೇನು ಹೇಳುವುದು?

ಮುಂದಿನ ವಾರ ಅವರ ವಿಮಾನ. ಬೆಟ್ಟ ಇಲ್ಲೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಮಗುಚಬೇಕಂತೆ, ಒಣಗದ ಹಾಗೆ ನೀರು ಚಿಮುಕಿಸಬೇಕಂತೆ, ವಾಟ್ಸಾಪಿನಲ್ಲಿ ಫೋಟೋ ಹಾಕಬೇಕಂತೆ.

ಇಷ್ಟು ಬರೆಯುವಷ್ಟರಲ್ಲಿ ಕರೆಗಂಟೆ ಆಯಿತು. ಅಪ್ಪಯ್ಯ ಸ್ನಾನಕ್ಕೆ ಹೋಗಿದ್ದಾರೆ. ಸೊಂಟ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದೆ. ಮೇಪಲಜ್ಜ, ಜೊತೆಗೆ ನಾನು ಕಂಡಿರದ ಇನ್ನಿಬ್ಬರು. ಮೂವರ ಹಿಂದೆಯೂ ಒಂದೊಂದು ತಾಡಪಾಲು, ತುಂಬಿ ತುಳುಕುತ್ತಿದೆ.

"ಡರಾಕೂ?" ಅಂದ ಮೇಪಲಜ್ಜ, ಹಲ್ಲು ಕಿರಿಯುತ್ತಾ.