ಚರ್ಚಿನ ಹಿಂದಿನ ರೂಮಿನಲ್ಲಿ ನಾಲ್ಕು ಹೊಲಿಗೆ ಮೆಷಿನ್

ನಿನ್ನೆ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ ಒಂದು ಪ್ರಕಟಣೆ ಆಯಿತು. ಮುಂದುಗಡೆ ದೊಡ್ಡ ಎಲ್‌ಇಡಿ ಪರದೆ ಹಾಕಿಸಬೇಕಂತೆ. 5 ಲಕ್ಷ ಆಗುತ್ತದೆ, ಒಂದೊಂದು ಕುಟುಂಬದವರೂ ಎಷ್ಟು ಕೊಡುತ್ತೀರಿ ಅಂತ ಚೀಟಿಯಲ್ಲಿ ಬರೆದುಕೊಡಿ, ದೇವರು ಒದಗಿಸಲಿ ಅಂತ ಪ್ರಾರ್ಥನೆ ಮಾಡಿ ಅಂದರು. ಎಲ್ಲರೂ ಆಮೆನ್ ಅಂದೆವು. ಅದಾದ ಸ್ವಲ್ಪ ಹೊತ್ತಿಗೆ ಸುಗ್ಗಿ ಹಬ್ಬದ ಅಡುಗೆ ಪಾತ್ರೆ ತೆಗೆಯೋಕೆ ಅಂತ ನಾವು ಹೆಂಗಸರು ಹಿಂದಿನ ರೂಮಿನ ಬೀಗ ತೆಗೆಸಿದೆವು. ಆಗಿನಿಂದ ನನಗೆ ಸಮಾಧಾನ ಇಲ್ಲ.

ಒಳಗೆ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ನಾಲ್ಕು ಇವೆ. ಯಾವುದೋ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಟೈಲರಿಂಗ್ ಕಲಿಸೋಕೆ ಅಂತ ತಂದವು. ಈಗ ಅವುಗಳ ಮೇಲೆ ಹಳೇ ಬ್ಯಾನರ್, ಕೈ ಮುರಿದ ಕುರ್ಚಿ, ಕ್ರಿಸ್‌ಮಸ್ ನಕ್ಷತ್ರದ ಕಡ್ಡಿಗಳು. ಒಂದರ ಮೇಲಿನ ಧೂಳು ಒರೆಸಿ ಚಕ್ರ ತಿರುಗಿಸಿ ನೋಡಿದೆ. ಮೊದಲು ಬಿಗಿಯಾಗಿತ್ತು. ಇನ್ನೊಂದು ಸಲ ತಳ್ಳಿದ್ದಕ್ಕೆ ಕಿರ್ ಅಂದು ಸೂಜಿ ಕೆಳಗಿಳಿಯಿತು. ಬೆಲ್ಟ್ ಒಣಗಿ ಬಿರುಕು ಬಿಟ್ಟಿದೆ, ಅಷ್ಟೇ. ಡ್ರಾಯರಿನಲ್ಲಿ ಒಂದು ಬಾಬಿನ್ ಇತ್ತು. ಅದಕ್ಕೆ ಸುತ್ತಿದ ನೀಲಿ ದಾರ ಹಾಗೇ ಇದೆ, ಎಳೆದರೆ ತುಂಡಾಗಲಿಲ್ಲ.

ನಮ್ಮ ಸಭೆಯಲ್ಲೇ ಒಬ್ಬ ಅಕ್ಕ ಇದ್ದಾರೆ. ಹೆಸರು ಬೇಡ. ಯಜಮಾನರು ತೀರಿಕೊಂಡ ಮೇಲೆ ಬಡವರ ನಿಧಿಯಿಂದ ಅವರಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತೇವೆ. ಅದನ್ನು ತಗೊಳ್ಳುವಾಗ ಅವರು ತಲೆ ಎತ್ತಿ ನೋಡುವುದಿಲ್ಲ. ಆ ಅಕ್ಕನಿಗೆ ಹೊಲಿಗೆ ಬರುತ್ತದೆ! ಯಜಮಾನರ ಆಸ್ಪತ್ರೆ ಖರ್ಚಿಗೆ ಅಂತ ತಮ್ಮ ಮೆಷಿನ್ ಮಾರಿದರು. ಈಗ ಕೋಲಾರದಲ್ಲಿ ಲೈನಿಂಗ್ ಬ್ಲೌಸಿಗೆ 300ರ ಮೇಲೆ ತಗೊಳ್ತಾರೆ. ನಾವು ತಿಂಗಳಿಗೆ ಕೊಡುವುದಕ್ಕಿಂತ ಜಾಸ್ತಿ ದುಡ್ಡು ಎರಡೇ ಬ್ಲೌಸಿನಲ್ಲಿ ಬರುತ್ತದೆ. ಅವರು ಪ್ರತಿ ಭಾನುವಾರ ಕೂರುವ ಬೆಂಚಿಗೂ ಈ ನಾಲ್ಕು ಮೆಷಿನ್‌ಗೂ ನಡುವೆ ಇರುವುದು ಒಂದು ಗೋಡೆ.

ಪ್ರವಾದಿ ಎಲೀಷನ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಎಲ್ಲರೂ ಕಲಿತಿದ್ದೇವೆ, ಅಲ್ವಾ? ಬೈಬಲಿನ ಎರಡನೇ ಅರಸುಗಳು, ನಾಲ್ಕನೇ ಅಧ್ಯಾಯ. ಗಂಡ ಸತ್ತ ಹೆಂಗಸು. ಸಾಲ ಕೊಟ್ಟವನು ಬಂದು ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದುಕೊಂಡು ಹೋಗುವ ಹೊತ್ತು. ಎಲೀಷ ಅವಳಿಗೆ ದುಡ್ಡು ಕೊಡಲಿಲ್ಲ, ಯಾರ ಹತ್ತಿರವೂ ಎತ್ತಿಸಲೂ ಇಲ್ಲ. ನಿನ್ನ ಮನೆಯಲ್ಲಿ ಏನಿದೆ ಹೇಳು ಅಂದ. ಒಂದು ಮೊಗೆ ಎಣ್ಣೆ ಬಿಟ್ಟರೆ ಏನೂ ಇಲ್ಲ ಅಂದಳು. ಆ ಎಣ್ಣೆಯೇ ಪಾತ್ರೆ ಪಾತ್ರೆ ತುಂಬುವಷ್ಟಾಯಿತು, ಅದನ್ನು ಮಾರಿದ್ದರಲ್ಲೇ ಸಾಲ ತೀರಿತು, ಮಿಕ್ಕಿದ್ದರಲ್ಲಿ ಮಕ್ಕಳು ಬದುಕಿದರು. ಮೋಶೆಯನ್ನೂ ದೇವರು ಕೇಳಿದ್ದು ಅದನ್ನೇ, ನಿನ್ನ ಕೈಯಲ್ಲಿ ಏನಿದೆ ಅಂತ. ಕುರಿ ಕಾಯುವ ಕೋಲು ಇತ್ತು. ನಾವು ಮಾತ್ರ ನಮ್ಮ ಕೈಯಲ್ಲಿ ಏನಿದೆ ಅಂತ ನೋಡಿಕೊಳ್ಳದೆ, ಸ್ವಾಮಿ ಇನ್ನೂ ಕೊಡು ಅಂತ ಕೇಳುತ್ತೇವೆ.

ತಲಾಂತುಗಳ ಸಾಮ್ಯದ ಮೇಲೆ ನಮ್ಮಲ್ಲಿ ವರ್ಷಕ್ಕೊಮ್ಮೆ ಪ್ರಸಂಗ ಆಗೇ ಆಗುತ್ತದೆ. ಯಜಮಾನ ದೂರ ಹೋಗುವಾಗ ಮೂವರು ಆಳುಗಳ ಕೈಗೆ ತನ್ನ ದುಡ್ಡು ಕೊಟ್ಟು ಹೋದ ಕಥೆ. ಒಂದು ತಲಾಂತು ಸಿಕ್ಕವನನ್ನು ಪಾಪ, ಅವನಿಗೆ ಕಡಿಮೆ ಸಿಕ್ಕಿತು ಅನ್ನೋ ಹಾಗೆ ಹೇಳುತ್ತಾರೆ. ಕಡಿಮೆ ಎಲ್ಲಿ? ಒಂದು ತಲಾಂತು ಅಂದರೆ ಸುಮಾರು 6000 ದಿನದ ಕೂಲಿ. ಒಬ್ಬ ಕೂಲಿಯವನು 20 ವರ್ಷ ಬೆವರು ಸುರಿಸಿ ದುಡಿಯುವ ದುಡ್ಡು. ಇವತ್ತು ದಿನಗೂಲಿ 500 ಅಂತ ಇಟ್ಟುಕೊಂಡರೂ 30 ಲಕ್ಷ ಆಯಿತು. ಅಷ್ಟನ್ನು ಅವನು ಮಣ್ಣಲ್ಲಿ ಹೂತಿಟ್ಟ. ಕದಿಯಲಿಲ್ಲ, ಕುಡಿದು ಕಳೆಯಲಿಲ್ಲ, ಭದ್ರವಾಗಿಟ್ಟ. ಯಜಮಾನನಿಗೆ ಸಿಟ್ಟು ಬಂದದ್ದು ಅದಕ್ಕೇ. ನಮ್ಮ ರೂಮಿಗೂ ಭದ್ರವಾದ ಬೀಗ ಇದೆ. ಆ ಕಥೆ ಇರುವ ಮತ್ತಾಯ 25 ಓದುವಾಗ ನನಗೆ ಈಗ ಭಯ ಆಗುತ್ತದೆ, ನಿಜವಾಗಿ ಹೇಳುತ್ತಿದ್ದೇನೆ.

ಕೋಲಾರದವರಿಗೆ ಇದನ್ನು ಹೇಳಿಕೊಡಬೇಕಾ? ವರ್ಷವಿಡೀ ಹರಿಯುವ ಒಂದು ನದಿ ಇಲ್ಲದ ಜಿಲ್ಲೆ ನಮ್ಮದು. ನಮ್ಮ ಹಿಂದಿನವರು ಬಿದ್ದ ಮಳೆಯನ್ನೇ ಹಿಡಿದಿಟ್ಟು ಸಾವಿರಾರು ಕೆರೆ ಕಟ್ಟಿ ರಾಗಿ, ಭತ್ತ ಬೆಳೆದರು. 2018ರಿಂದ ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಆ ನೀರು ಎಷ್ಟು ಶುದ್ಧ ಅನ್ನೋ ಜಗಳ ಇದೆ, ಇರಬೇಕಾದ ಜಗಳವೇ. ಆದರೆ ಇದ್ದದ್ದನ್ನು ಚೆಲ್ಲಬಾರದು ಅನ್ನೋದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅಂಥ ಊರಲ್ಲಿ ನಮ್ಮ ಚರ್ಚಿನ ಅಷ್ಟು ದೊಡ್ಡ ಹೆಂಚಿನ ಮಾಡಿನ ನೀರು ಪೂರ್ತಿ ಚರಂಡಿಗೆ ಹೋಗುತ್ತದೆ, ಬೇಸಿಗೆಯಲ್ಲಿ ನಾವು ಟ್ಯಾಂಕರ್ ತರಿಸುತ್ತೇವೆ. ಅದೂ ಕಾಣಿಕೆ ದುಡ್ಡಲ್ಲಿ.

ಈ ಮಾತನ್ನು ನಿನ್ನೆ ಅಲ್ಲೇ ಒಬ್ಬ ಹಿರಿಯರ ಹತ್ತಿರ ಹೇಳಿದೆ. ಅವರು ಬೇಜಾರು ಮಾಡಿಕೊಂಡರು. "ದೇವರ ಮನೆಗೆ ಖರ್ಚು ಮಾಡುವಾಗ ಲೆಕ್ಕ ನೋಡಬಾರದು ಕಣಮ್ಮ. ಯೇಸು ಸ್ವಾಮಿಗೆ ಮರಿಯ ತೈಲ ಸುರಿದಾಗ ಬಡವರಿಗೆ ಕೊಡಬಹುದಿತ್ತು ಅಂದವನು ಸ್ವಾಮಿಯನ್ನು ಹಿಡಿದುಕೊಟ್ಟ ಯೂದ, ಮರೀಬೇಡ" ಅಂದರು. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೂ ಮನೆಗೆ ಬಂದು ಆ ಭಾಗ ಮತ್ತೆ ಓದಿದೆ. ಬೇಥಾನ್ಯದ ಆ ಹೆಂಗಸು ತೈಲಕ್ಕೆ ಅಂತ ಮನೆಮನೆಗೆ ಚೀಟಿ ಕಳಿಸಲಿಲ್ಲ. ತನ್ನ ಹತ್ತಿರ ಇದ್ದ ಭರಣಿಯನ್ನು ತಂದು ಒಡೆದಳು. ಅದು ಅವಳ ಮನೆಯಲ್ಲಿ ಮುಚ್ಚಿಟ್ಟ ಅತಿ ಬೆಲೆಬಾಳುವ ವಸ್ತು. ಯೇಸು ಸ್ವಾಮಿ ಅವಳನ್ನು ಹೊಗಳಿದ್ದು ಏನಂತ? ತನ್ನ ಕೈಲಾದದ್ದನ್ನು ಮಾಡಿದ್ದಾಳೆ ಅಂತ. ಮುಚ್ಚಿಟ್ಟ ಭರಣಿಯನ್ನು ತೆರೆಯಬೇಕು ಅನ್ನುವವರ ಕಡೆಗೇ ಆ ಕಥೆ ನಿಲ್ಲುತ್ತದೆ.

ಅದೇ ಹಿರಿಯರು, ಪರದೆ ಇಲ್ಲದಿದ್ದರೆ ಈಗಿನ ಹುಡುಗರು ಚರ್ಚಿಗೆ ಬರುವುದಿಲ್ಲ ಅಂತಲೂ ಅಂದರು. ನಮ್ಮ ಯುವಜನ ಕೂಟದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ನರಸಾಪುರದ ಕಡೆ ಕಂಪನಿ ಬಸ್ಸಿಗೆ ಕತ್ತಲಲ್ಲೇ ಎದ್ದು ಹೋಗುತ್ತಾರೆ. ಅವರು ಬಾರದಿರುವುದು ಭಾನುವಾರವೂ ಶಿಫ್ಟ್ ಇರುತ್ತದೆ ಅಂತ. ಅವರನ್ನು ಯಾರಾದರೂ ಕೂರಿಸಿಕೊಂಡು ಕೇಳಿದ್ದೀರಾ? ನಾನು ಕೇಳಿದ್ದೇನೆ. ಮನೆಯಲ್ಲೇ ಮಾಡುವ ಕೆಲಸ ಇದ್ದರೆ ಹೇಳಿ ಆಂಟಿ ಅಂತಾರೆ.

ಹೊಸದು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ನೂರು ವರ್ಷಕ್ಕೂ ಹಿಂದೆ ಮೆಥೋಡಿಸ್ಟ್ ಮಿಷನ್‌ನವರು ಈ ಊರಲ್ಲಿ ಇ.ಟಿ.ಸಿ.ಎಂ. ಆಸ್ಪತ್ರೆ ಕಟ್ಟಿದರು. ಊರಿಗೆ ಬೇಕಿತ್ತು, ಕಟ್ಟಿದರು. ಯಾವ ಜಾತಿ, ಯಾವ ಧರ್ಮ ಅಂತಿಲ್ಲದೆ ಕೋಲಾರದ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಹುಟ್ಟಿದ್ದಾರೆ, ನಾನೂ ಅಲ್ಲೇ ಹುಟ್ಟಿದವಳು. ಬೇಕಾದದ್ದಕ್ಕೆ ದುಡ್ಡು ಎತ್ತೋಣ, ನಾನೇ ಮನೆಮನೆ ತಿರುಗುತ್ತೇನೆ. ಆದರೆ ಮೊದಲು ಇರುವುದನ್ನು ಎಣಿಸೋಣ. ಐದು ಸಾವಿರ ಜನ ಹಸಿದು ಕೂತಾಗ ಯೇಸುವಿನ ಶಿಷ್ಯರಲ್ಲಿ ಫಿಲಿಪ್ಪ ದುಡ್ಡಿನ ಲೆಕ್ಕ ಹಾಕಿದ. ಅಂದ್ರೆಯ ಮಾತ್ರ ಒಬ್ಬ ಹುಡುಗನ ಹತ್ತಿರ ಐದು ಜವೆಗೋಧಿ ರೊಟ್ಟಿ, ಎರಡು ಮೀನು ಇವೆ ಅಂತ ಬಂದು ಹೇಳಿದ. ಅವನಿಗೂ ನಂಬಿಕೆ ಇರಲಿಲ್ಲ, ಇಷ್ಟು ಜನಕ್ಕೆ ಇದು ಎಷ್ಟರದು ಅಂದ. ಆದರೂ ಹೋಗಿ ನೋಡಿಕೊಂಡು ಬಂದಿದ್ದ. ಎಲ್ಲರ ಊಟ ಆದ ಮೇಲೆ ಸ್ವಾಮಿ ಮಿಕ್ಕ ತುಂಡುಗಳನ್ನೂ ಕೂಡಿಸಿ, ಏನೂ ಹಾಳಾಗಬಾರದು ಅಂದರು. ಅಷ್ಟು ದೊಡ್ಡ ಅದ್ಭುತ ಮಾಡಿದವರೇ ತುಂಡು ರೊಟ್ಟಿ ಬಿಡಲಿಲ್ಲ.

ನನಗೆ ಇಷ್ಟು ಸಿಟ್ಟು ಯಾಕೆ ಅಂತ ನಿಮ್ಮಲ್ಲಿ ಹಳಬರಿಗೆ ಗೊತ್ತು. ಅಪ್ಪ ಹೋದ ಮೇಲೆ ನಮ್ಮಮ್ಮ ನಮ್ಮನ್ನೆಲ್ಲ ಓದಿಸಿದ್ದು ಒಂದು ಉಷಾ ಮೆಷಿನ್ನಿಂದ. ರಾತ್ರಿ ಆ ಪೆಡಲ್ ಸದ್ದು ನಿಂತರೆ ನನಗೆ ಎಚ್ಚರ ಆಗುತ್ತಿತ್ತು, ಅಮ್ಮನಿಗೆ ಏನಾಯಿತೋ ಅಂತ. ನಿನ್ನೆ ಆ ರೂಮಿನಲ್ಲಿ ನಿಂತು ಅತ್ತುಬಿಟ್ಟೆ. ಯೊಪ್ಪದಲ್ಲಿ ತಬಿಥಾ ಸತ್ತಾಗ ವಿಧವೆಯರು ಪೇತ್ರನಿಗೆ ಅವಳು ಹೊಲಿದ ಅಂಗಿಗಳನ್ನು ತೋರಿಸಿ ಅತ್ತರಲ್ಲ, ಆ ಅಳು ನನಗೆ ಅರ್ಥವಾಗುತ್ತದೆ.

ಇವತ್ತು ಬೆಳಿಗ್ಗೆ ಸಭಾಪಾಲಕ ಅಯ್ಯನವರಿಗೂ ಚರ್ಚ್ ಕಮಿಟಿಗೂ ಪತ್ರ ಬರೆದು ಕೊಟ್ಟಿದ್ದೇನೆ. ದೊಡ್ಡಪೇಟೆಯಲ್ಲಿ ಮೆಷಿನ್ ರಿಪೇರಿ ಮಾಡುವವರನ್ನು ಕೇಳಿದೆ. ಬೆಲ್ಟ್, ಸೂಜಿ, ಎಣ್ಣೆ ಹಾಕಿ ಸರ್ವಿಸ್ ಮಾಡಿದರೆ ನಾಲ್ಕೂ ಓಡುತ್ತವೆ ಅಂದರು. ಆ ಖರ್ಚು ನನ್ನದು. ಹೊಲಿಯೋಕೆ ಆ ಅಕ್ಕ ಒಪ್ಪಿದ್ದಾರೆ, ಇನ್ನೂ ಇಬ್ಬರು ಬರ್ತೀವಿ ಅಂದಿದ್ದಾರೆ. ಕಟಿಂಗ್ ಚೆನ್ನಾಗಿ ಹೇಳಿಕೊಡುವವರು ಬೇಕು. ಮಾಲೂರು, ಬಂಗಾರಪೇಟೆ, ಮುಳಬಾಗಿಲು ಕಡೆ ಯಾರಾದರೂ ಗೊತ್ತಿದ್ದರೆ ಫೋನ್ ಮಾಡಿ. ಸಂಜೆ ಆರರ ಮೇಲೆ ಮಾಡಿ, ಅಷ್ಟರಲ್ಲಿ ಸ್ಕೂಲ್ ಮುಗಿಸಿ ಮನೆಗೆ ಬಂದಿರುತ್ತೇನೆ.