ಕ್ಲಾರಿನೆಟ್ಟಿನ ಬಿಕ್ಕು, ನಮ್ಮ ವಾಲಗ

ಬಾಸ್ಟನ್‌ಗೆ ಅಂಟಿಕೊಂಡಿರುವ ಸಾಮರ್‌ವಿಲ್‌ನಲ್ಲಿ ನಾನು ನೆಲೆಸಿ ಹದಿನಾಲ್ಕು ವರ್ಷಗಳಾದವು. ಕಳೆದ ಚಳಿಗಾಲದಲ್ಲಿ ನಮ್ಮ ಬಡಾವಣೆಯ ಸಭಾಂಗಣವೊಂದರಲ್ಲಿ ಊರಿನದೇ ಆರು ಮಂದಿಯ ಕ್ಲೆಜ್ಮರ್ ತಂಡವೊಂದು ನುಡಿಸಿತು. ಕ್ಲೆಜ್ಮರ್ ಎಂದರೆ ಪೂರ್ವ ಯುರೋಪಿನ ಯಿಡ್ಡಿಷ್ ಮಾತಿನ ಯಹೂದಿಗಳ ಮದುವೆಮನೆಯ ವಾದ್ಯಸಂಗೀತ. ಆ ಪದದ ಹೀಬ್ರೂ ಮೂಲಕ್ಕೆ ಹಾಡಿನ ಸಲಕರಣೆ, ಅಂದರೆ ವಾದ್ಯ, ಎಂಬ ಅರ್ಥವಿದ್ದು, ಕಾಲಾಂತರದಲ್ಲಿ ಅದು ನುಡಿಸುವವನ ಹೆಸರೂ ಆಯಿತು. ಕ್ಲಾರಿನೆಟ್, ಪಿಟೀಲು, ಅಕಾರ್ಡಿಯನ್, ಟ್ರೋಂಬೋನ್‌ಗಳ ಜೊತೆಗೆ ವೇದಿಕೆಯ ಮೇಲೆ ಎಲೆಕ್ಟ್ರಿಕ್ ಬೇಸ್ ಗಿಟಾರೂ ಡ್ರಮ್ಸೂ ಇದ್ದವು. ಭಾವಗೀತೆಗೂ ಜನಪದ ಗೀತೆಗೂ ಒಂದೇ ಅಳತೆಯ ತಾಳದ ಟ್ರ್ಯಾಕ್ ಹಾಕುವ ನಮ್ಮ ಕಾರ್ಯಕ್ರಮಗಳಲ್ಲಿ ಕುಳಿತು ಅಭ್ಯಾಸವಿರುವ ನನಗೆ ಅವನ್ನು ಕಂಡೊಡನೆ ತುಸು ಅಳುಕಾಯಿತು.

ಕ್ಲಾರಿನೆಟ್ ನುಡಿಸುವಾಕೆ ಮೊದಲಿಗೆ ಎತ್ತಿಕೊಂಡದ್ದು ದೋಯ್ನಾ, ನಮ್ಮ ಆಲಾಪನೆಯಂತೆ ತಾಳದ ಹಂಗಿಲ್ಲದೆ ಸಾಗುವ ಪ್ರಕಾರ. ನೀಳವಾದ ಸ್ವರವೊಂದರ ತುದಿಯಲ್ಲಿ ಆಕೆ ಉಸಿರನ್ನು ಗಂಟಲಲ್ಲೇ ತಡೆಯುತ್ತಿದ್ದಳು. ನಾದ ಒಂದಿಷ್ಟು ಮೇಲಕ್ಕೆ ಚಿಮ್ಮಿ, ಅತ್ತು ಸುಸ್ತಾದ ಮಗು ಬಿಕ್ಕುವ ಹಾಗೆ ಮುರಿದುಬೀಳುತ್ತಿತ್ತು. ಇದಕ್ಕೆ ಅವರು ಕ್ರೆಖ್ಟ್ಸ್ ಎನ್ನುತ್ತಾರೆ, ನರಳಿಕೆ ಎಂದರ್ಥ. ಫ್ರೇಗಿಶ್ ಎಂಬ ಅವರ ಸ್ವರಶ್ರೇಣಿಯು ನಮ್ಮ ಕರ್ನಾಟಕ ಸಂಗೀತದ 14ನೆಯ ಮೇಳರಾಗವಾದ ವಕುಳಾಭರಣದ ಸ್ವರಗಳನ್ನೇ ಹೊಂದಿದೆ. ಆದರೆ ಸ್ವರಗಳು ಅವೇ ಆದರೂ ಗಮಕ ಬೇರೆಯಾದ್ದರಿಂದ ಅದನ್ನು ವಕುಳಾಭರಣವೆಂದು ಕರೆದುಬಿಡುವುದು ಸಲ್ಲದು. ಅಷ್ಟು ಹೊತ್ತೂ ಬೇಸ್ ಗಿಟಾರು ಶ್ರುತಿಯಂತೆ ಕೆಳಗೆ ನಿಂತಿತ್ತು, ಡ್ರಮ್ಸಿನವರು ಕೈಕಟ್ಟಿ ಕುಳಿತಿದ್ದರು. ಆಮೇಲೆ ಬಂದ ಬುಲ್ಗಾರ್ ನೃತ್ಯದ ತಕಿಟ ತಕಿಟ ತಕ ನಡೆಯನ್ನು ಡ್ರಮ್ಸು ಬಿಡಿಸಿ ಕೊಟ್ಟಿತೇ ಹೊರತು ಮುಚ್ಚಲಿಲ್ಲ. ನಿಧಾನಗತಿಯ ಹೋರಾ ನೃತ್ಯದಲ್ಲಿ ಮೂರೆಣಿಕೆಯ ನಡುವಿನದನ್ನೇ ನುಂಗಿ ಕುಂಟುತ್ತ ನಡೆಯುವುದರಿಂದ, ತೊಡೆಯ ಮೇಲೆ ತಾಳ ಹಾಕುತ್ತಿದ್ದ ನನ್ನ ಕೈ ಎರಡು ಸಲ ತಪ್ಪಿತು.

ಈ ಸಂಗೀತ ಹೆಚ್ಚುಕಡಿಮೆ ಕಳೆದೇಹೋಗಿತ್ತು. ಯುರೋಪಿನಲ್ಲಿ ಅದನ್ನು ನುಡಿಸುತ್ತಿದ್ದ ಜನರನ್ನೇ ನಾಜಿಗಳು ಕೊಂದರು. ಅಮೆರಿಕಕ್ಕೆ ವಲಸೆ ಬಂದವರ ಮಕ್ಕಳು ಸ್ವಿಂಗ್, ಜಾಝ್‌ಗಳತ್ತ ಹೋದರು. 1970ರ ದಶಕದಲ್ಲಿ ಮತ್ತೆ ಆಸಕ್ತಿ ಚಿಗುರಿದಾಗ ಕಲಿಯಲು ಹೊರಟವರ ಕೈಗೆ ಸಿಕ್ಕಿದ್ದು ಕೆಲವೇ ವೃದ್ಧ ವಾದಕರು ಮತ್ತು ಮೂರು ಮೂರು ನಿಮಿಷದ ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳು. ನಮ್ಮ ಬಾಸ್ಟನ್ನಿನ ಸಂಗೀತ ಶಾಲೆಯೊಂದರಲ್ಲಿ ಹ್ಯಾಂಕಸ್ ನೆಟ್ಸ್ಕಿ 1980ರಲ್ಲಿ ಕ್ಲೆಜ್ಮರ್ ಕನ್ಸರ್ವೇಟರಿ ಬ್ಯಾಂಡ್ ಕಟ್ಟಿದ್ದೂ, ನ್ಯೂಯಾರ್ಕಿನಲ್ಲಿ 1986ರಲ್ಲಿ ಹುಟ್ಟಿದ ಕ್ಲೆಜ್ಮ್ಯಾಟಿಕ್ಸ್ ತಂಡ ಇದಕ್ಕೆ ರಾಕ್, ಜಾಝ್‌ಗಳನ್ನು ಬೆಸೆದದ್ದೂ ಇದೇ ಅಲೆಯಲ್ಲಿ. ಮೊದಲು ಬಿಕ್ಕನ್ನು ಕಲಿತು, ಆಮೇಲೆ ಗಿಟಾರನ್ನು ತಂದ ಈ ಕ್ರಮವೇ ನನಗೆ ಮುಖ್ಯವಾಗಿ ಕಾಣುತ್ತದೆ.

ನಮ್ಮಲ್ಲಿ ಇಂಥದ್ದು ಆಗಿಲ್ಲವೆಂದಲ್ಲ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾಗಿ, ಗಮಕ ಹೊರಡುವಂತೆ ಆ ವಾದ್ಯವನ್ನೇ ಮಾರ್ಪಡಿಸಿಕೊಂಡರು, ಸಂಗೀತವನ್ನಲ್ಲ. ಆದರೆ ಅದು ಕಛೇರಿಯ ಮಾತು. ಮದುವೆಮನೆಯ ವಾಲಗದವರ ಪಾಡೇ ಬೇರೆ. ಎರಡು ವರ್ಷದ ಹಿಂದೆ ತಿಪಟೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆಯಲ್ಲಿ ನಾಗಸ್ವರದ ಹಿರಿಯರು ತೋಡಿಯನ್ನು ಅಚ್ಚುಕಟ್ಟಾಗಿ ಬೆಳೆಸುತ್ತಿದ್ದಾಗಲೇ ಪಕ್ಕದಲ್ಲಿ ಆರ್ಕೆಸ್ಟ್ರಾದವರು ಮೈಕ್ ಪರೀಕ್ಷೆ ಶುರುಮಾಡಿದರು. ಪುರೋಹಿತರು ಕೈಯೆತ್ತಿ 'ಗಟ್ಟಿಮೇಳ' ಎಂದಾಗ ಮಾತ್ರ ನಾಗಸ್ವರದವರತ್ತ ಎಲ್ಲರ ಗಮನ ಹರಿದದ್ದು. ಯಹೂದಿಗಳೇನೂ ತಮ್ಮ ವಾದಕರನ್ನು ತಲೆಯ ಮೇಲೆ ಹೊತ್ತಿದ್ದರೆಂದು ನಾನು ಹೇಳುತ್ತಿಲ್ಲ. ಒಂದು ಕಾಲಕ್ಕೆ ಶಿಕ್ಷಿತ ಸಂಗೀತಗಾರರ ನಡುವೆ ಕ್ಲೆಜ್ಮರ್ ಎಂಬುದು ಬೈಗುಳವೇ ಆಗಿತ್ತು. ವಧುವನ್ನು ಕೂರಿಸಿ ಅಳಿಸುವ ಶಾಸ್ತ್ರವೊಂದು ಅವರಲ್ಲೂ ಇತ್ತು, ನಮ್ಮ ಹೆಣ್ಣೊಪ್ಪಿಸುವ ಹಾಡಿನ ಹಾಗೆ. ಅಲ್ಲಿ ಪಿಟೀಲು ಅವಳೊಂದಿಗೆ ಅಳುತ್ತಿತ್ತು, ಕೂಲಿ ಪಡೆದು ಹೊರಡುತ್ತಿತ್ತು. ವ್ಯತ್ಯಾಸವೇನೆಂದರೆ, ಮೊಮ್ಮಕ್ಕಳು ತಟ್ಟೆಯ ಮೇಲಿನ ಹೆಸರುಗಳನ್ನು ಹಿಡಿದು ಆ ವಾದಕರನ್ನು ಹುಡುಕಿಕೊಂಡು ಹೋದರು.

ಕಾರ್ಯಕ್ರಮ ಮುಗಿದ ಮೇಲೆ ಕ್ಲಾರಿನೆಟ್ಟಿನಾಕೆಯನ್ನು ಮಾತನಾಡಿಸಿದೆ. ಆಕೆ ಮೊಬೈಲಿನಲ್ಲಿ ಹಳೆಯ ಕ್ಲೆಜ್ಮರ್ ಕ್ಲಾರಿನೆಟ್ ವಾದಕ ನಫ್ತೂಲೆ ಬ್ರಾಂಡ್ವೈನ್ 1920ರ ದಶಕದಲ್ಲಿ ನುಡಿಸಿದ್ದೊಂದನ್ನು ಅರ್ಧ ವೇಗಕ್ಕಿಳಿಸಿ ಕೇಳಿಸಿದಳು. ಮುಳ್ಳು ಗೀರುವ ಸದ್ದಿನ ನಡುವೆ ಅದೇ ಬಿಕ್ಕು, ನಿಧಾನವಾಗಿ, ಮೂರು ಮಡಿಕೆಯಾಗಿ ಬಿಚ್ಚಿಕೊಂಡಿತು. ನಿಮ್ಮ ಕಡೆ ಮದುವೆಯಲ್ಲಿ ನುಡಿಸುವವರು ಯಾರನ್ನು ಕೇಳಿ ಕಲಿಯುತ್ತಾರೆ, ನಿಮ್ಮ ಮದುವೆಯಲ್ಲಿ ನುಡಿಸಿದವರು ಯಾರು ಎಂದು ಕೇಳಿದಳು. ನನಗೆ ಹೆಸರು ಹೊಳೆಯಲಿಲ್ಲ. ಮರುದಿನ ಊರಿಗೆ ಫೋನು ಮಾಡಿದಾಗ ಅಪ್ಪ ಮದುವೆಯ ಖರ್ಚಿನ ಪುಸ್ತಕ ತೆಗೆಸಿ ನೋಡಿದರು. ಹೂವಿನವರ ಹೆಸರಿತ್ತು, ಅಡುಗೆಯವರ ಹೆಸರಿತ್ತು. ಇನ್ನೊಂದು ಸಾಲಿನಲ್ಲಿ 'ವಾಲಗ' ಎಂದು ಬರೆದು ಮುಂದೆ ಮೊತ್ತ ಹಾಕಿತ್ತು.