ಸ್ವಲ್ಪ ಲೂಸ್ ಅದ ನೋಡವಾ

ಭಾನುವಾರದಿಂದ ನನ್ನ ಸೈಕಲ್ಲಿಗೆ ಕೊತ್ತಂಬರಿ ವಾಸನೆ. ಎರಡು ಸಲ ಸೋಪು ಹಾಕಿ ತೊಳೆದೆ, ಹೋಗಲಿಲ್ಲ. ಹ್ಯಾಂಡಲ್ಲಿನ ಟೇಪಿನ ಸಂದಿಯಲ್ಲಿ ಇನ್ನೂ ಒಂದೆರಡು ಎಲೆ ಉಳಿದಿರಬೇಕು. ಮಗ ಹತ್ತಿರ ಬಂದು ಮೂಸಿ, "ಅಮ್ಮಾ, ಚಟ್ನಿ?" ಅಂತಾನೆ. ನನಗೆ ಇನ್ನೂ ನಗು ಬರುತ್ತಿಲ್ಲ.

ಪುಣೆಯಲ್ಲಿ ನಾವು ಹನ್ನೊಂದು ಜನ ಕನ್ನಡಿಗರು ಭಾನುವಾರ ಬೆಳಗ್ಗೆ ಐದೂವರೆಗೆ ಸ್ವಾರಗೇಟಿನಲ್ಲಿ ಸೇರುತ್ತೇವೆ. ಧಾರವಾಡದವರು, ಬೆಳಗಾವಿಯವರು, ವಿಜಯಪುರದ ಇಬ್ಬರು, ಯಾರ ಮಾತೂ ಪೂರ್ತಿ ಅರ್ಥವಾಗದೆ ಎಲ್ಲದಕ್ಕೂ ಮುಗುಳ್ನಗುವ ಮಂಗಳೂರಿನವರೊಬ್ಬರು. ಸಿಂಹಗಡ ರಸ್ತೆ ಹಿಡಿದು ಖಡಕ್‌ವಾಸ್ಲಾ ಅಣೆಕಟ್ಟಿನವರೆಗೆ ಹೋಗುವುದು, ಕಾಂದಾ ಭಜಿ ತಿಂದು ಬರುವುದು. ಸುಟ್ಟ ಕ್ಯಾಲೊರಿಗೂ ತಿಂದ ಭಜಿಗೂ ತಾಳೆ ಹಾಕಿ ನೋಡುವ ಧೈರ್ಯ ಇದುವರೆಗೆ ಯಾರೂ ಮಾಡಿಲ್ಲ. ಕಾಲಲ್ಲಿ ಕಸುವಿದ್ದವರು ಅಲ್ಲಿಂದ ಮುಂದೆ ಸಿಂಹಗಡದ ಘಾಟಿ ಹತ್ತುತ್ತಾರೆ. ಒಂದು ಕಾಲಕ್ಕೆ ಪುಣೆಯೆಂದರೆ ಸೈಕಲ್ಲಿನ ಊರಂತೆ. ಈಗ ನಸುಕಿನಲ್ಲಿ ಹೊರಟರೂ ಸ್ಕೂಟರಿನವರು ನಮ್ಮನ್ನು ರಸ್ತೆ ಮೇಲಿನ ಹಸುವನ್ನು ನೋಡಿದ ಹಾಗೆ ನೋಡಿಕೊಂಡು ಹೋಗುತ್ತಾರೆ.

ಇದನ್ನೆಲ್ಲ ತಡೆದುಕೊಳ್ಳಬಹುದು. ತಡೆಯಲಾಗದ್ದು ಪಾನಾ ಕಾಕಾ.

ಅವರ ನಿಜವಾದ ಹೆಸರು ಬೇರೆ, ಅದನ್ನು ಈಗ ಯಾರೂ ಬಳಸುವುದಿಲ್ಲ. ಭೋಸರಿಯ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ 34 ವರ್ಷ ದುಡಿದು ನಿವೃತ್ತರಾದವರು. ಕಾರ್ಖಾನೆ ಅವರನ್ನು ಬಿಟ್ಟಿದೆ, ಪಾನಾ, ಅಂದರೆ ಸ್ಪ್ಯಾನರು, ಬಿಟ್ಟಿಲ್ಲ. ಸೊಂಟದ ಚೀಲದಲ್ಲಿ ಅಲೆನ್ ಕೀ ಗೊಂಚಲು, ಚೈನ್ ಕಟ್ಟರ್, ಎಂಟು ನಂಬರಿನ ಪಾನಾ, ಒಂದು ಚಿಂದಿ ಬಟ್ಟೆ. ನೀವು ಸೈಕಲ್ ನಿಲ್ಲಿಸಿ ನೀರು ಕುಡಿಯಲು ಬಾಟಲಿ ಎತ್ತುವಷ್ಟರಲ್ಲಿ ಹಿಂದಿನಿಂದ ದನಿ ಕೇಳುತ್ತದೆ: "ತಂಗೀ, ಸ್ವಲ್ಪ ಲೂಸ್ ಅದ ನೋಡವಾ."

ಕಾಕಾನ ಕಣ್ಣಿಗೆ ಜಗತ್ತಿನ ಎಲ್ಲವೂ ಸ್ವಲ್ಪ ಲೂಸ್. ಹ್ಯಾಂಡಲ್ಲಿನ ಬೋಲ್ಟಿನ ಪಕ್ಕದಲ್ಲೇ 5 ಎನ್‌ಎಂ ಅಂತ ಬಿಗಿಯ ಅಳತೆಯನ್ನು ಕಂಪನಿಯವರು ಅಚ್ಚು ಹಾಕಿರುತ್ತಾರೆ, ಅದಕ್ಕಿಂತ ಬಿಗಿ ಮಾಡಬೇಡಿ ಅಂತ. ಕಾಕಾನ ಅಳತೆ ಬೇರೆ: ಬೋಲ್ಟು 'ಕಿರ್' ಅನ್ನಬೇಕು, ಆಮೇಲೆ ಇನ್ನೊಂದು ಕಾಲು ಸುತ್ತು. ಕಳೆದ ಡಿಸೆಂಬರಿನಲ್ಲಿ ಪವನಾ ಕೆರೆಯ ದಂಡೆಗೆ ಕ್ಯಾಂಪಿಂಗ್ ಹೋದಾಗ ರಾತ್ರಿ ಎಲ್ಲರ ಟೆಂಟಿನ ಹಗ್ಗ ಬಿಗಿ ಮಾಡಿಕೊಂಡು ಬಂದರು. ನಮ್ಮ ಟೆಂಟು ತಬಲಾದ ಹಾಗೆ ನಿಂತಿತ್ತು, ಜಿಪ್ಪು ಮಾತ್ರ ಬೆಳಗಿನವರೆಗೆ ಜಗ್ಗಲಿಲ್ಲ. ಖಡಕ್‌ವಾಸ್ಲಾ ಗೋಡೆಯ ಮೇಲೆ ಕೂತಾಗಲೆಲ್ಲ ಅವರು 1961ರ ಜುಲೈ 12ರ ಕಥೆ ಹೇಳುತ್ತಾರೆ. ಪಾನಶೇತ್ ಅಣೆಕಟ್ಟು ಒಡೆದು, ಆ ನೀರಿಗೆ ಖಡಕ್‌ವಾಸ್ಲಾವೂ ಒಡೆದು, ಪುಣೆಯ ನದೀ ಪಕ್ಕದ ಪೇಟೆಗಳೆಲ್ಲ ಮುಳುಗಿದ ಕಥೆ. ಕೊನೆಗೆ ಗಂಭೀರವಾಗಿ ನೀರನ್ನೇ ನೋಡುತ್ತ, "ಎಲ್ಲೋ ಬಿಗಿ ಇರಲಿಲ್ಲವಾ" ಅನ್ನುತ್ತಾರೆ.

ಈಗ ಭಾನುವಾರಕ್ಕೆ ಬರೋಣ. ಹಿಂದಿನ ವಾರ ನನ್ನ ಸೈಕಲ್ಲಿನ ಹಿಂದಿನ ಗೇರಿನ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ, ಅದರ ಮೇಲಿರುವ ಎರಡು ಪುಟ್ಟ ಸ್ಕ್ರೂಗಳು ಕಾಕಾನ ಕಣ್ಣಿಗೆ ಬಿದ್ದಿದ್ದವು. ಅವು ಚೈನಿಗೆ ಎರಡೂ ಕಡೆ ಹಾಕಿದ ಲಕ್ಷ್ಮಣರೇಖೆ. ಒಂದು, ಚೈನು ಹಲ್ಲಿನ ಚಿಕ್ಕ ಚಕ್ರ ದಾಟಿ ಹೊರಗೆ ಬೀಳದಂತೆ. ಇನ್ನೊಂದು, ದೊಡ್ಡ ಚಕ್ರ ದಾಟಿ ಕಡ್ಡಿಗಳೊಳಗೆ ನುಗ್ಗದಂತೆ. ಕಾಕಾ ಎರಡನ್ನೂ ಬಿಗಿದಿದ್ದರು. ಚೈನು ದೊಡ್ಡ ಚಕ್ರಕ್ಕೆ ಏರುವುದನ್ನೇ ನಿಲ್ಲಿಸಿತು. ದೊಡ್ಡ ಚಕ್ರವಿಲ್ಲದೆ ಘಾಟಿ ಹತ್ತಬೇಕೆಂದರೆ ಬೇರೆಯೇ ತೊಡೆ ಬೇಕು. ಭಾನುವಾರ ಭಜಿ ತಿನ್ನುತ್ತ ಈ ಮಾತನ್ನು ಬಾಯಿ ತಪ್ಪಿ ಆಡಿದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ.

ಚಹಾ ತೆಗೆದುಕೊಂಡು ತಿರುಗುವಷ್ಟರಲ್ಲಿ ನನ್ನ ಸೈಕಲ್ಲು ಶೀರ್ಷಾಸನದಲ್ಲಿತ್ತು. ಎರಡೂ ಚಕ್ರ ಆಕಾಶಕ್ಕೆ. ಪಕ್ಕದಲ್ಲಿ ಕಾಕಾ ಕುಕ್ಕರಗಾಲಲ್ಲಿ ಕೂತು, ನಾಲಿಗೆ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು, ಪೆಡಲ್ ತಿರುಗಿಸುತ್ತಿದ್ದಾರೆ. ಸುತ್ತಲೂ ಮೆಕ್ಕೆತೆನೆ ಕಚ್ಚುತ್ತ ನಿಂತ ಏಳೆಂಟು ಪ್ರವಾಸಿಗರು. "ಕಾಕಾ, ಬ್ಯಾಡ್ರೀ" ಅಂದೆ. "ಆತು, ಐದ್ ಮಿನಿಟ್" ಅಂದರು. ಅವತ್ತು, ನನಗೆ ತಿಳಿದ ಮಟ್ಟಿಗೆ ಜೀವನದಲ್ಲೇ ಮೊದಲ ಸಲ, ಅವರು ಒಂದು ಸ್ಕ್ರೂ ಸಡಿಲು ಮಾಡಿದರು. ಮಾಡಿದ್ದನ್ನು ಮನಸಾರೆ ಮಾಡಿದ್ದರು.

ಡೋಣಜೆ ದಾಟಿ ಘಾಟಿಯ ಮೊದಲ ಕಡಿದಾದ ತಿರುವಿನಲ್ಲಿ ಗೇರು ಹಾಕಿದೆ. ಚೈನು ದೊಡ್ಡ ಚಕ್ರಕ್ಕೆ ಏರಿತು. ಅಲ್ಲಿ ನಿಲ್ಲಲಿಲ್ಲ. 'ಕರ್ರ್' ಅಂತ ಕಡ್ಡಿಯೊಳಗೆ ಇಳಿಯಿತು, ಡಿರೇಲರನ್ನೂ ಎಳೆದುಕೊಂಡು ಹೋಯಿತು, ಟಪ್ ಅಂತ ಏನೋ ಮುರಿಯಿತು. ಮುರಿದದ್ದು ಹ್ಯಾಂಗರ್. ಡಿರೇಲರನ್ನು ಚೌಕಟ್ಟಿಗೆ ಹಿಡಿದಿಡುವ ಕಿರುಬೆರಳುದ್ದದ ತುಂಡು. ಪೆಟ್ಟು ಬಿದ್ದಾಗ ಚೌಕಟ್ಟು ಉಳಿಯಲಿ, ತಾನು ಮುರಿಯಲಿ ಅಂತಲೇ ಅದನ್ನು ಮೆತ್ತನೆ ಅಲ್ಯೂಮಿನಿಯಂನಲ್ಲಿ ಮಾಡಿರುತ್ತಾರೆ. ಕಾಕಾ ಆ ತುಂಡನ್ನು ಎತ್ತಿ ಬಿಸಿಲಿಗೆ ಹಿಡಿದು, "ಭಾಳ ಮೆತ್ತಗ ಮಾಡ್ಯಾರ್ ನೋಡು. ಕಂಪನಿಯವರದು ತಪ್ಪು ಅದ" ಅಂದರು.

ಅಷ್ಟಕ್ಕೆ ಬಿಟ್ಟರೇ? ಡಿರೇಲರ್ ಬಿಚ್ಚಿ, ಚೈನು ಗಿಡ್ಡ ಮಾಡಿ, ಒಂದೇ ಗೇರಿನಲ್ಲಿ ಮನೆ ಮುಟ್ಟಿಸುವ ಉಪಾಯವೊಂದುಂಟು. ಅದು ನಿಜಕ್ಕೂ ನಡೆಯುವ ಉಪಾಯ. ಎರಡು ಗಂಟೆ ಕೂತು ಕಾಕಾ ಅದನ್ನು ಮಾಡಿದರು, ಆದರೆ ಒಂದು ಕೊಂಡಿ ಹೆಚ್ಚಿಗೆ ಗಿಡ್ಡ ಮಾಡಿದರು. ಈಗ ಹ್ಯಾಂಗರ್ ಜೊತೆಗೆ ಚೈನೂ ಹೋಯಿತು.

ಕೊನೆಗೆ ಕೊತ್ತಂಬರಿ ತುಂಬಿಕೊಂಡು ಮಂಡಿಗೆ ಹೊರಟಿದ್ದ ಛೋಟಾ ಹಾಥಿ ಟೆಂಪೊವೊಂದನ್ನು ಕೈಮಾಡಿ ನಿಲ್ಲಿಸಿದೆ. 300 ರೂಪಾಯಿ. ಸೈಕಲ್ಲು ಸೊಪ್ಪಿನ ಕಟ್ಟುಗಳ ಮೇಲೆ ರಾಜಗಾಂಭೀರ್ಯದಿಂದ ಮಲಗಿತು, ನಾನು ಪಕ್ಕದಲ್ಲಿ ಹೆಲ್ಮೆಟ್ಟು ಹಾಕಿಕೊಂಡು ಕೂತೆ. ಯಾಕೆ ತೆಗೆಯಲಿಲ್ಲವೋ ಗೊತ್ತಿಲ್ಲ. ರಿಪೇರಿ ಅಂಗಡಿ ಮುಟ್ಟಿದಾಗ ಒಂದು ಗಂಟೆ ಹತ್ತು ನಿಮಿಷ. ಪುಣೆಯಲ್ಲಿ ಇರುವವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಒಂದರಿಂದ ನಾಲ್ಕು, ಬಂದ್. ಮೂರು ಗಂಟೆ ಅದೇ ಕಟ್ಟೆಯ ಮೇಲೆ ಕೂತೆ. ನಾಲ್ಕಕ್ಕೆ ನಿದ್ದೆಗಣ್ಣಲ್ಲಿ ಬಂದ ಮೆಕ್ಯಾನಿಕ್ ಸೈಕಲ್ಲನ್ನು ಒಮ್ಮೆ ನೋಡಿ ಕೇಳಿದ್ದು ಒಂದೇ ಮಾತು: "ಕುಣೀ ಹಾತ್ ಲಾವಲಾ ಯಾಲಾ?" ಯಾರು ಕೈ ಹಚ್ಚಿದ್ದು ಇದಕ್ಕೆ? ಹ್ಯಾಂಗರ್ ಒಂದೊಂದು ಮಾಡೆಲ್ಲಿಗೆ ಒಂದೊಂದು ತರಹ ಇರುತ್ತದೆ. ನನ್ನದು ಅವನ ಹತ್ತಿರ ಇರಲಿಲ್ಲ, ತರಿಸಬೇಕು.

ಅವಸರದಲ್ಲಿ ಕಾಕಾನ ಎಂಟು ನಂಬರಿನ ಪಾನಾ ನನ್ನ ಚೀಲದಲ್ಲೇ ಉಳಿದಿತ್ತು. ಬುಧವಾರ ಸಂಜೆ ಕೊಡಲು ಹೋದೆ, ನಾಲ್ಕು ಮಾತು ಆಡಿಯೇ ಬರಬೇಕೆಂದು ಸಿದ್ಧವಾಗಿ. ಕಾಕೂ ಬಾಗಿಲು ತೆಗೆದವರೇ ಚಟ್ನಿಪುಡಿ ಡಬ್ಬಿ ಕೈಗಿಟ್ಟರು. "ಇದನ್ನೊಂಚೂರು ತೆಗದ್ ಕೊಡವಾ, ಇವರು ಮುಚ್ಚಳ ಬಿಗಿ ಮಾಡ್ಯಾರ." ಇಬ್ಬರೂ ಸೇರಿ ತಿರುವಿದೆವು, ಬರಲಿಲ್ಲ.

ಬಾಲ್ಕನಿಯಲ್ಲಿ ಒಂದು ನೀಲಿ ಸೈಕಲ್ಲು ನಿಂತಿತ್ತು. ಮಗನದಂತೆ. ಅವನು ಜರ್ಮನಿಗೆ ಹೋಗಿ ಆರು ವರ್ಷ. ಚೈನು ಹೊಸದರಂತೆ ಹೊಳೆಯುತ್ತಿತ್ತು, ಟೈರು ಒತ್ತಿ ನೋಡಿದೆ, ಕಲ್ಲು. ಸೀಟು ಮಾತ್ರ ಕಾಕಾನ ಎದೆಯ ಹತ್ತಿರದವರೆಗೆ ಎತ್ತರ. "ಸೀಟು ಇಳಿಸಿಕೊಂಡು ನೀವೇ ಓಡಿಸಬಹುದಲ್ಲ ಕಾಕಾ, ಒಂದೇ ಬೋಲ್ಟು" ಅಂದೆ.

"ಬ್ಯಾಡ. ಅದು ಅಂವನ ಅಳತಿ" ಅಂದರು. ಪಾನಾ ತೆಗೆದುಕೊಂಡು ಒರೆಸಿ ಚೀಲಕ್ಕೆ ಹಾಕಿದರು.

ಆಡಬೇಕೆಂದುಕೊಂಡಿದ್ದ ನಾಲ್ಕು ಮಾತನ್ನು ಆಡಲಿಲ್ಲ. ಚಹಾ ಕುಡಿದೆ. ಹೊರಟಾಗ ಕಳಿಸಿಕೊಡಲು ಕೆಳಗೆ ಬಂದರು. ನಾನು ಸ್ಕಾರ್ಫು ಕಟ್ಟಿಕೊಂಡು ತಿರುಗುವಷ್ಟರಲ್ಲಿ ಅವರು ನನ್ನ ಸ್ಕೂಟರಿನ ಕನ್ನಡಿಯನ್ನು ಎರಡು ಬೆರಳಲ್ಲಿ ಅಲ್ಲಾಡಿಸಿ ನೋಡುತ್ತಿದ್ದರು.

"ತಂಗೀ..."

ಆ ಕನ್ನಡಿ ಈಗ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಅದರಲ್ಲಿ ಹಿಂದೆ ಬರುವ ಬಸ್ಸು ಕಾಣುವುದಿಲ್ಲ. ನನ್ನ ಮೊಣಕೈ ಮಾತ್ರ, ಬಹಳ ಸ್ಪಷ್ಟವಾಗಿ.